ಅದು ಹಾಲು, ಇದು ಲೆಕ್ಕ

ಹುಡುಗಿಗೆ ಹನ್ನೊಂದು ವರ್ಷ, ಆರನೇ ಕ್ಲಾಸು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಬಂದವರೇ ತಂದೆ ಗಣಿತದ ಉತ್ತರಪತ್ರಿಕೆ ಮೇಜಿನ ಮೇಲಿಟ್ಟರು. "ಹೋದ ವರ್ಷದವರೆಗೂ ಚೆನ್ನಾಗೇ ಇದ್ಲು ಮೇಡಂ. ಈಗ ಬೇಕಂತಲೇ ತಪ್ಪು ಮಾಡ್ತಾಳೆ." ತಾಯಿಯ ಭಯವೇ ಬೇರೆ. ಡಿಸ್‌ಕ್ಯಾಲ್ಕುಲಿಯಾ (ಲೆಕ್ಕ ಕಲಿಯುವುದೇ ಕಷ್ಟವಾಗುವ ತೊಂದರೆ) ಬಗ್ಗೆ ಎಲ್ಲೋ ಓದಿ ಎರಡು ರಾತ್ರಿ ನಿದ್ದೆಗೆಟ್ಟಿದ್ದರು.

ಪತ್ರಿಕೆಯಲ್ಲಿ 1/6 ಕ್ಕಿಂತ 1/8 ದೊಡ್ಡದು ಎಂದಿತ್ತು. 1/2 + 1/4 ಗೆ ಉತ್ತರ 2/6. ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿಸಿದ್ದಳು. ಪೂರ್ಣ ಸಂಖ್ಯೆಗಳ ಲೆಕ್ಕ ಕೊಟ್ಟು ನೋಡಿದೆ. ಮಗ್ಗಿ, ಕಳೆಯುವುದು, ಅಂದಾಜು, ಎಲ್ಲ ಪಟಪಟ ಬಂತು. ಡಿಸ್‌ಕ್ಯಾಲ್ಕುಲಿಯಾ ಇರುವ ಮಕ್ಕಳು ಸಾಮಾನ್ಯವಾಗಿ ಇಲ್ಲೇ ಎಡವುತ್ತಾರೆ.

ಆಮೇಲೆ ಪತ್ರಿಕೆ ಮಗುಚಿಟ್ಟು ಕೇಳಿದೆ. "ಅರ್ಧ ಲೀಟರ್ ಹಾಲಿಗೆ ಕಾಲು ಲೀಟರ್ ಸೇರಿಸಿದ್ರೆ?"

"ಮುಕ್ಕಾಲು."

"ಮತ್ತೆ ಇಲ್ಲಿ 2/6 ಅಂತ ಬರೆದಿದ್ದೀಯಲ್ಲ? ಅದು ಅರ್ಧಕ್ಕಿಂತ ಕಮ್ಮಿ ಅಲ್ವಾ?"

"ಅದು ಹಾಲು. ಇದು ಲೆಕ್ಕ."

ತಂದೆ ಏನೋ ಹೇಳಲು ಹೊರಟರು, ನಾನೇ ತಡೆದೆ. ಅವಳು ಸಮಸ್ಯೆಯನ್ನು ನನಗಿಂತ ಚೆನ್ನಾಗಿ ಹೇಳಿದ್ದಳು.

ಮೆದುಳಿನ ಮೇಲ್ಭಾಗದಲ್ಲಿ, ಸ್ವಲ್ಪ ಹಿಂದಕ್ಕೆ, ಸಂಖ್ಯೆ ಎಷ್ಟು ದೊಡ್ಡದು ಎಂದು ಅಳೆಯುವ ಒಂದು ಭಾಗವಿದೆ. ಮಕ್ಕಳು ಎರಡು-ಮೂರು ವರ್ಷದಿಂದಲೇ ಒಂದು, ಎರಡು, ಮೂರು ಎಂದು ಎಣಿಸಿ ಎಣಿಸಿ ಪೂರ್ಣ ಸಂಖ್ಯೆಗೆ ಪಳಗಿಬಿಡುತ್ತಾರೆ. ಹಾಗಾಗಿ 1/8 ಕಂಡ ಕೂಡಲೇ 8 ಕೂಗುತ್ತದೆ, 'ನಾನು ದೊಡ್ಡವನು' ಅಂತ. ಎರಡು ಅಂಕಿ ಸೇರಿ ಒಂದೇ ಅಳತೆ ಎಂದು ಹೊಳೆಯುವ ಮೊದಲೇ ಉತ್ತರ ಬಾಯಿಗೆ ಬಂದಿರುತ್ತದೆ. ಹಾಗಂತ ಮೆದುಳಿಗೆ ಭಿನ್ನರಾಶಿ ಆಗದ ಕೆಲಸವೇನಲ್ಲ. 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೆದುಳಿನ ಸಂಶೋಧಕರಾದ ಸೈಮನ್ ಜೇಕಬ್ ಮತ್ತು ಆಂಡ್ರಿಯಾಸ್ ನೀಡರ್ ದೊಡ್ಡವರ ಮೆದುಳನ್ನು ಸ್ಕ್ಯಾನ್ ಮಾಡಿದಾಗ, ಇದೇ ಭಾಗ ಭಿನ್ನರಾಶಿಯ ಒಟ್ಟು ಬೆಲೆಗೂ ಸ್ಪಂದಿಸಿತು. ಅಂಕಿಯಲ್ಲಿ ಬರೆದರೂ ಅಷ್ಟೇ, ಅಕ್ಷರದಲ್ಲಿ ಬರೆದರೂ ಅಷ್ಟೇ.

ತಂದೆಗೆ ಇನ್ನೂ ಅನುಮಾನ. ಅವರಿಗೊಂದು ಪ್ರಶ್ನೆ ಹಾಕಿದೆ. 12/13 + 7/8 ಯಾವುದಕ್ಕೆ ಹತ್ತಿರ? 1, 2, 19, 21? "ಹತ್ತೊಂಬತ್ತು" ಎಂದವರು ಮರುಕ್ಷಣ ನಾಲಿಗೆ ಕಚ್ಚಿಕೊಂಡರು. ಎರಡು ಭಿನ್ನರಾಶಿಯೂ 1ರ ಹತ್ತಿರ, ಹಾಗಾಗಿ ಉತ್ತರ 2. ಇದು 1978ರಲ್ಲಿ ಅಮೆರಿಕದ ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಕೇಳಿದ್ದ ಪ್ರಶ್ನೆ. ಹದಿಮೂರು ವರ್ಷದವರಲ್ಲಿ ಸರಿ ಹೇಳಿದ್ದು ಶೇ. 24 ಮಾತ್ರ. ಆಮೇಲೆ ತಂದೆಯ ದನಿ ತಗ್ಗಿತು.

ನಾನು ಹೇಳಿದ್ದು ಇಷ್ಟು. ಒಂದು ತಿಂಗಳು, ಕೆಳಗಿನ ಅಂಕಿಗಳನ್ನು ಒಂದೇ ಮಾಡುವ ಎಲ್‌ಸಿಎಂ ಲೆಕ್ಕ ಬೇಡ. ನೆಲದ ಮೇಲೆ ದಾರ ಎಳೆಯಿರಿ, ಒಂದು ತುದಿ 0, ಇನ್ನೊಂದು 1. ಅವಳು ಚೀಟಿಯಲ್ಲಿ ಭಿನ್ನರಾಶಿ ಬರೆದು ಜಾಗ ನೋಡಿ ಇಡಲಿ. ಕೂಡಿಸುವ ಮೊದಲು 'ಅರ್ಧಕ್ಕಿಂತ ಜಾಸ್ತಿನಾ, ಕಮ್ಮಿನಾ' ಅಂತ ಕೇಳಿ. ಶಾಲೆಯಲ್ಲಿ 'ತ್ರೀ ಬೈ ಫೋರ್' ಅಂದರೂ ಮನೆಯಲ್ಲಿ ಮುಕ್ಕಾಲು ಅನ್ನಿ. ಅಜ್ಜಿಗೆ ಕಾಲು ಮಗ್ಗಿ, ಅರೆ ಮಗ್ಗಿ ಇನ್ನೂ ಬಾಯಿಪಾಠ ಅಂತ ಗೊತ್ತಾಯಿತು. ಅವರನ್ನೂ ಕೂರಿಸಿಕೊಳ್ಳಿ ಎಂದೆ. ಬೈಗುಳ ಮಾತ್ರ ನಿಲ್ಲಲಿ.

ಆರು ವಾರದ ಮೇಲೆ ಬಂದಾಗ 6/7 ದೊಡ್ಡದೋ 7/8 ದೊಡ್ಡದೋ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಎರಡರಲ್ಲೂ ಒಂದೊಂದು ತುಂಡು ಇಲ್ಲ. ಎಂಟರ ತುಂಡು ಸಣ್ಣದು. ಅದಕ್ಕೆ 7/8." ಭಾಗಾಕಾರ ಮಾತ್ರ ಇನ್ನೂ ತಪ್ಪುತ್ತಿದ್ದಾಳೆ.