ನಕ್ಷೆ ತೋರಿಸಿದರೆ ಸಾಲದು, ಮಾಡಿಸಿ

ಪ್ರಶ್ನೆ: ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತೇನೆ. ಡಿಜಿಟಲ್ ನಕ್ಷೆ ಬಳಸಿ ಪಾರಂಪರಿಕ ತಾಣಗಳ ನಿರ್ವಹಣೆಯನ್ನೂ ಹೇಳಿಕೊಡಬಹುದಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ಧಾರಾಳವಾಗಿ ಹೇಳಿಕೊಡಬಹುದು ಮೇಡಂ. ಮೊದಲು ಗೂಗಲ್ ಅರ್ಥ್ ಪ್ರೊ ತೆರೆಯಿರಿ, ಉಚಿತ. ಯಾವುದಾದರೂ ಹಳೆಯ ಕೋಟೆ ಹುಡುಕಿ, ಹಿಂದಿನ ವರ್ಷಗಳ ಉಪಗ್ರಹ ಚಿತ್ರಗಳನ್ನು ಒಂದೊಂದಾಗಿ ತೋರಿಸಿ. ಗೋಡೆ ಪಕ್ಕ ಕಟ್ಟಡ ಯಾವಾಗ ಬಂತು, ಕಂದಕ ಎಷ್ಟು ಮುಚ್ಚಿತು ಅಂತ ಮಕ್ಕಳೇ ಹೇಳ್ತಾರೆ.

ಆಮೇಲೆ ಕ್ಯೂಜಿಐಎಸ್, ಪದರದ ಮೇಲೆ ಪದರ ಇಟ್ಟು ನಕ್ಷೆ ಮಾಡುವ ತಂತ್ರಾಂಶ. ಇದಕ್ಕೂ ದುಡ್ಡಿಲ್ಲ, ಆದರೆ ಮೊದಮೊದಲು ತಲೆ ತಿನ್ನುತ್ತೆ. ಜನರೇ ಸೇರಿ ಮಾಡಿದ ಉಚಿತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನ ರಸ್ತೆಗಳು ಒಂದು ಪದರ, 2000ರಲ್ಲಿ ನಾಸಾ ನೌಕೆ ಅಳೆದ ನೆಲದ ಎತ್ತರ ಇನ್ನೊಂದು ಪದರ, ಅದರ ಮೇಲೆ ಸ್ಮಾರಕ ಗುರುತಿಸಿ ಸುತ್ತ 100 ಮೀಟರ್ ಗೆರೆ ಎಳೆಸಿ, 'ಪಾರ್ಕಿಂಗ್ ಎಲ್ಲಿಡೋಣ?' ಅಂತ ಕೇಳಿಬಿಡಿ. ತಗ್ಗಿನಲ್ಲಿಟ್ಟರೆ ಮಳೆನೀರು ನಿಲ್ಲುತ್ತೆ, ಮೇಲಿಟ್ಟರೆ ನೀರು ಸೀದಾ ಅಡಿಪಾಯಕ್ಕೇ ಹರಿಯುತ್ತೆ. ಜಗಳ ಶುರುವಾಗುತ್ತೆ, ಆಗಲಿ ಬಿಡಿ, ಪಾಠ ಇರೋದೇ ಅಲ್ಲಿ ಅಲ್ವಾ?

ಮೊಬೈಲ್ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತೆ, ಎತ್ತರದ ಗೋಡೆ, ಮರಗಳ ಪಕ್ಕ ಇನ್ನೂ ಜಾಸ್ತಿ. ಗಡಿ ತಕರಾರಿಗೆ ಅದನ್ನು ನಂಬಬೇಡಿ. ಕಾವಲಿಲ್ಲದ ಶಿಲ್ಪಗಳ ನಿಖರ ಜಾಗವನ್ನು ಸಾರ್ವಜನಿಕ ನಕ್ಷೆಗೆ ಹಾಕಿಸಲೂ ಬೇಡಿ. ಕಳ್ಳರಿಗೂ ನಕ್ಷೆ ಓದಲು ಬರುತ್ತೆ!