ಓದುಗರ ಪ್ರಶ್ನೆ: ಪಾರಸಿಯ ಕಾಲರೂಪಗಳು

ಪ್ರಶ್ನೆ: ಪಾರಸಿ ಕಲಿಯಲು ತೊಡಗಿದ್ದೇನೆ. ಒಂದೇ ಕ್ರಿಯಾಪದವು ‘ರಫ್ತಮ್’ ಎಂದೂ ‘ಮೀರವಮ್’ ಎಂದೂ ಬದಲಾಗುವುದೇಕೆ? ವಾಕ್ಯರಚನೆ ಕನ್ನಡದಂತೆಯೇ ಇದೆಯೇ?

ಉತ್ತರ: ಪಾರಸಿ ಕ್ರಿಯಾಪದಕ್ಕೆ ಭೂತ, ವರ್ತಮಾನ ಎಂಬ ಎರಡು ಮೂಲರೂಪಗಳಿರುತ್ತವೆ. ಹೋಗುವುದು ಎಂಬರ್ಥದ ‘ರಫ್ತನ್’ನಿಂದ ಕೊನೆಯ ‘ಅನ್’ ತೆಗೆದರೆ ‘ರಫ್ತ್’ ಎಂಬ ಭೂತರೂಪ ದೊರೆಯುತ್ತದೆ. ವರ್ತಮಾನದ ‘ರವ್’ ಅನ್ನು ಮಾತ್ರ ಬಾಯಿಪಾಠ ಮಾಡದೆ ಗತ್ಯಂತರವಿಲ್ಲ. ಇವುಗಳಿಗೆ ಉತ್ತಮಪುರುಷದ ‘ಅಮ್’ ಸೇರಿದಾಗ ‘ರಫ್ತಮ್’ ಎಂದರೆ ಹೋದೆ, ಮುಂದೆ ‘ಮೀ’ ಹತ್ತಿದ ‘ಮೀರವಮ್’ ಎಂದರೆ ಹೋಗುತ್ತೇನೆ, ಅದೇ ‘ಮೀ’ ಭೂತರೂಪಕ್ಕೆ ಹತ್ತಿದ ‘ಮೀರಫ್ತಮ್’ ಎಂದರೆ ಹೋಗುತ್ತಿದ್ದೆ ಎಂದಾಗುತ್ತದೆ. ಭವಿಷ್ಯತ್ತಿಗೆ ‘ಖಾಹಮ್ ರಫ್ತ್’ ಎಂಬ ರೂಪವಿದ್ದರೂ ಅದು ಹೆಚ್ಚಾಗಿ ಬರವಣಿಗೆಯದು. ಮಾತಿನಲ್ಲಿ ನಮ್ಮ ‘ನಾಳೆ ಹೋಗುತ್ತೇನೆ’ಯಂತೆ ವರ್ತಮಾನವೇ ಸಾಕು.

ಪದಕ್ರಮ ಕನ್ನಡಿಗರಿಗೆ ಸಲೀಸು. ‘ಮನ್ ಕೆತಾಬ್ ರಾ ಖಾಂದಮ್’, ಅಂದರೆ ‘ನಾನು ಪುಸ್ತಕವನ್ನು ಓದಿದೆ’ ಎಂಬಲ್ಲಿ ‘ರಾ’ ನಮ್ಮ ‘ಅನ್ನು’ವಿನ ಜಾಗದಲ್ಲೇ ಇದೆ, ನಿರ್ದಿಷ್ಟ ಪುಸ್ತಕವಲ್ಲದಿದ್ದರೆ ಅದು ಸಾಮಾನ್ಯವಾಗಿ ಬಿದ್ದುಹೋಗುತ್ತದೆ. ತೊಡಕು ಬರುವುದು ಜೋಡಿ ಕ್ರಿಯಾಪದಗಳಲ್ಲಿ: ನಾವು ‘ಹೋಗಲು ಬಯಸುತ್ತೇನೆ’ ಎಂದು ಮೊದಲನೆಯದನ್ನು ಪುರುಷಪ್ರತ್ಯಯವಿಲ್ಲದೆ ಬಿಟ್ಟರೆ, ಪಾರಸಿಯು ‘ಮೀಖಾಹಮ್ ಬೆರವಮ್’ ಎಂದು ಬಯಕೆಯನ್ನು ಮುಂದಿಟ್ಟು, ಎರಡಕ್ಕೂ ‘ಅಮ್’ ಹಚ್ಚಿ, ಎರಡನೆಯದಕ್ಕೆ ‘ಬೆ’ ಸೇರಿಸುತ್ತದೆ.