ಪಿ-45ರ ಕೀಗಳಿಂದ ಜುನೊ-ಡಿಎಸ್61ರ ಪಿಯಾನೊ ನುಡಿಸಲು
ಯಮಾಹಾ ಪಿ-45 ಡಿಜಿಟಲ್ ಪಿಯಾನೊದ ಕೀ ಒತ್ತಿದರೆ ರೋಲ್ಯಾಂಡ್ ಜುನೊ-ಡಿಎಸ್61 ಸಿಂಥಸೈಜರ್‌ನಿಂದ ಸದ್ದು ಬರುತ್ತಿಲ್ಲವೇ? ಎರಡನ್ನೂ ಯುಎಸ್‌ಬಿ ಕೇಬಲ್‌ನಲ್ಲಿ ನೇರವಾಗಿ ಜೋಡಿಸಿದ್ದೇ ಕಾರಣವಿರಬೇಕು. ಯಮಾಹಾ ಪಿ-45ರ ಯುಎಸ್‌ಬಿ ಪೋರ್ಟ್ ಇರುವುದು ಕಂಪ್ಯೂಟರಿಗೆ ಜೋಡಿಸಲು. ಜುನೊದ ಯುಎಸ್‌ಬಿ ಕಂಪ್ಯೂಟರ್ ಪೋರ್ಟ್ ಕೂಡ ಅದಕ್ಕೇ, ಅದರ ಇನ್ನೊಂದು ಯುಎಸ್‌ಬಿ ಪೋರ್ಟ್ ಪೆನ್‌ಡ್ರೈವ್‌ಗೆ. ಕಂಪ್ಯೂಟರಿನಂತೆ ಈ ಸಂಪರ್ಕವನ್ನು ನಡೆಸುವ ಹೋಸ್ಟ್ ಎರಡೂ ಕಡೆ ಇಲ್ಲ. ಯಾವ ಕೀ ಎಷ್ಟು ಜೋರಾಗಿ ಒತ್ತಿದಿರಿ ಎಂಬ ಸಂದೇಶವನ್ನು ಒಂದು ವಾದ್ಯದಿಂದ ಇನ್ನೊಂದಕ್ಕೆ ಸಾಗಿಸುವ ವ್ಯವಸ್ಥೆಯೇ ಮಿಡಿ. ಪಿ-45ಕ್ಕೆ ಅದರ ಐದು ಪಿನ್ನಿನ ಸಾಕೆಟ್ಟೂ ಇಲ್ಲ.

ಹೋಸ್ಟ್ ಕೆಲಸವನ್ನು ತಾನೇ ಮಾಡುವ ಯುಎಸ್‌ಬಿ ಮಿಡಿ ಹೋಸ್ಟ್ ಬಾಕ್ಸ್ ಕೊಳ್ಳಿ. ಅಗ್ಗದ ಯುಎಸ್‌ಬಿ-ಮಿಡಿ ಕೇಬಲ್ ಖಂಡಿತ ಬೇಡ, ಅದಕ್ಕೂ ಕಂಪ್ಯೂಟರ್ ಬೇಕಾಗುತ್ತದೆ. ಹಣ ದಂಡವಾಗುವುದು ಇಲ್ಲೇ. ಪಿ-45ರ ಕೇಬಲನ್ನು ಬಾಕ್ಸಿಗೆ ಹಾಕಿ, ಬಾಕ್ಸಿನ ಮಿಡಿ ಔಟ್‌ನಿಂದ ಜುನೊದ ಮಿಡಿ ಇನ್‌ಗೆ ತನ್ನಿ. ಎರಡೂ ವಾದ್ಯಗಳಲ್ಲಿ ಮಿಡಿ ಚಾನೆಲ್ 1 ಇರಲಿ.

ಆಮೇಲೆ ಪಿ-45ರ ವಾಲ್ಯೂಮ್ ಪೂರ್ತಿ ಇಳಿಸಿ, ಇಲ್ಲದಿದ್ದರೆ ಎರಡು ಪಿಯಾನೊ ಒಟ್ಟಿಗೆ ಕೇಳಿಸುತ್ತವೆ. ಸಸ್ಟೇನ್ ಪೆಡಲ್ ಪಿ-45ಕ್ಕೇ ಚುಚ್ಚಿ. ಸ್ಪೀಕರ್ ಮಾತ್ರ ಜುನೊಗೆ. ಮೆಲ್ಲಗೆ ಒತ್ತಿದರೂ ಸ್ವರ ಗಡುಸಾದರೆ ಪಿ-45ರ ಟಚ್ ಸೆನ್ಸಿಟಿವಿಟಿಯನ್ನು ಹಾರ್ಡ್‌ಗೆ ಬದಲಿಸಿ.